ಗಟ್ಟಿ ನೆಲ

"ಮಲಗೋಕೆ ಬಿಡಬೇಡಿ, ಮಾತಾಡಿಸ್ತಾನೇ ಕರ್ಕೊಂಡು ಬನ್ನಿ," ಎಂದು ನರ್ಸ್ ಫೋನಿನಲ್ಲಿ ಹೇಳಿದಾಗ ಟಿಪ್ಪರ್ ಓಡಿಸುವ ತಮ್ಮ ಅಕ್ಕನ ಮುಖ ನೋಡಿದ. ಸೈಟುಗಳಿಗಾಗಿ ಕೆರೆ ಮುಚ್ಚಲು ಅವನು ಮೊದಲ ಲೋಡು ಮಣ್ಣು ಸುರಿದ ದಿನವೇ ಅಕ್ಕ ಅವನೊಂದಿಗೆ ಮಾತು ಬಿಟ್ಟಿದ್ದಳು. ಅದೇ ಕೆರೆಯಲ್ಲಿ ತೆಪ್ಪ ಹಾಕಿ, ಮೀನು ಹಿಡಿದು ಅವನನ್ನು ಸಾಕಿದವಳು ಅವಳು.

ಒಂದೇ ಬೇಸಿಗೆಯಲ್ಲಿ ಕೆರೆ ಮಾಯವಾಗಿತ್ತು. ಏರಿಯ ಬಿಲಗಳಲ್ಲಿದ್ದ ಹಾವುಗಳು ದಿಕ್ಕುಗೆಟ್ಟು ಮನೆ ಹೊಕ್ಕಿದ್ದವು. ಈ ಬೆಳಗ್ಗೆ ಗ್ಯಾಸ್ ಸಿಲಿಂಡರಿನ ಹಿಂದಿದ್ದ ಹಾವೊಂದು ಅಕ್ಕನ ಪಾದಕ್ಕೆ ಕಚ್ಚಿತ್ತು. ಆಸ್ಪತ್ರೆ ಆಚೆ ದಡದಲ್ಲಿತ್ತು. ದಡ ಅನ್ನುವುದು ಈಗ ಬರೀ ಬಾಯಿಮಾತು. ಅವಳನ್ನು ಟಿಪ್ಪರಿನಲ್ಲಿ ಕೂರಿಸಿಕೊಂಡವನೇ ರಸ್ತೆ ಬಿಟ್ಟು ಕೆಂಪು ಮಣ್ಣಿನ ಬಯಲಿಗೆ ಗಾಡಿ ಇಳಿಸಿದ.

"ಸುತ್ತಿ ಹೋಗು," ಎಂದಳು ಅಕ್ಕ. ಇಷ್ಟು ದಿನಗಳಲ್ಲಿ ಅವಳಾಡಿದ ಮೊದಲ ಮಾತು.

"ಸುತ್ತಿದ್ರೆ ಹೊತ್ತಾಗತ್ತೆ ಅಕ್ಕಾ. ನಾನೇ ತುಂಬಿದ ಮಣ್ಣು, ಗಟ್ಟಿ ಇದೆ."

"ಕೆರೆ ನುಂಗಿ ನೀರು ಕುಡಿದೋನು ನೀನು. ಅದರ ಹೊಟ್ಟೇಲಿ ಏನಿದೆ ಅಂತ ನಿಂಗೇನು ಗೊತ್ತು?"

"ಬೈಯಿ ಅಕ್ಕಾ, ಬೈತಾನೇ ಇರು. ಕಣ್ಣು ಮಾತ್ರ ಮುಚ್ಚಬೇಡ."

ಅರ್ಧ ದಾರಿಯಲ್ಲಿ ಮುಂದಿನ ಚಕ್ರ ಧಪ್ಪನೆ ಕುಸಿಯಿತು. ನಿನ್ನೆ ಮಳೆ ಬಂದಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆಲ್ಲ ಕೆಸರು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಆಳಕ್ಕಿಳಿಯಿತು. ಅಕ್ಕನನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಎರಡನೇ ಹೆಜ್ಜೆಗೇ ಕಾಲು ಮೊಣಕಾಲವರೆಗೆ ಹೂತುಹೋಯಿತು. ಅವನಿಗೆ ಅಳುವೇ ಬಂತು.

"ಎಡಕ್ಕೆ," ಎಂದಳು ಅಕ್ಕ, ಅವನ ಕಿವಿಯ ಹತ್ತಿರ. "ಅಡಿಯಲ್ಲಿ ಬಂಡೆ ಇದೆ. ತೆಪ್ಪ ತಾಗ್ತಿದ್ದಿದ್ದು ಅಲ್ಲೇ."

ಎಡಕ್ಕೆ ಕಾಲಿಟ್ಟ. ಕಾಲು ನಿಂತಿತು.

"ಹಾಗೇ ಹೋಗು... ಈಗ ಬಲಕ್ಕೆ ತಿರುಗು. ಮುಂದೆ ಮಡು ಇದೆ, ಬೇಡ."

ಅವಳ ಬೆರಳು ತೋರಿದತ್ತ ನಡೆದ. ತೆಪ್ಪವಿಲ್ಲ, ನೀರಿಲ್ಲ, ಆದರೂ ಅವಳೇ ಅವನನ್ನು ದಾಟಿಸುತ್ತಿದ್ದಳು. ಆಸ್ಪತ್ರೆಯ ಬೋರ್ಡಿನ ಅಕ್ಷರಗಳು ಕಾಣತೊಡಗಿದವು. ಅವಳ ಮಾತು ಮಾತ್ರ ತೊದಲುತ್ತಿತ್ತು.

"ಬಂದೇಬಿಟ್ವಿ ಅಕ್ಕಾ. ಈಗ ಯಾವ ಕಡೆ?"

ಅವಳ ಗಲ್ಲ ಅವನ ಹೆಗಲ ಮೇಲೆ ಜಾರಿತು. ದಾರಿ ತೋರುತ್ತಿದ್ದ ಕೈ ಅವನ ಎದೆಯ ಮೇಲೆ ಜೋತುಬಿತ್ತು.

"ಅಕ್ಕಾ, ಬೈಯಿ! ಯಾವ ಕಡೆ ಹೇಳು!"

ಎತ್ತ ನೋಡಿದರೂ ಅವನೇ ಸಮತಟ್ಟು ಮಾಡಿದ ನೆಲ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಒಂಟಿ ಕಾಲಲ್ಲಿ ನಿಂತ.