ಸೋಡಿಯಂ ಕಡಿಮೆ ಇರುವ ಉಪ್ಪು

"ಕಿಡ್ನಿ ಕೈಕೊಟ್ರೆ ಪೊಟ್ಯಾಸಿಯಂ ಹೋಗೋದಾದ್ರೂ ಎಲ್ಲಿಗೆ?" ಎಂದು ಡಯಾಲಿಸಿಸ್ ವಾರ್ಡಿನ ನರ್ಸಮ್ಮ ರೋಗಿಗಳ ಮನೆಯವರನ್ನು ಕೇಳುತ್ತಿದ್ದಾಗಲೇ ಟೈಲರ್‌ನ ಮಗಳು ಒಳಗೆ ಬಂದಳು. ಇಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಉಳಿದ ಮಾತ್ರೆಗಳ ಚೀಲವನ್ನು ಮೇಜಿನ ಮೇಲಿಟ್ಟವಳು, ಹೊರಡಲು ಮನಸ್ಸು ಬಾರದೆ ಕೊನೆಯ ಕುರ್ಚಿಯಲ್ಲಿ ಕುಳಿತಳು.

ನರ್ಸಮ್ಮ ಅವಳನ್ನು ಗುರುತಿಸಿದಳು. ಟೈಲರ್‌ನ ಎದೆ ನಿಂತ ಬೆಳಿಗ್ಗೆ, ಅಡುಗೆಯಲ್ಲಿ ಏನಾದರೂ ಬದಲಾಯಿಸಿದ್ದೀಯಾ ಎಂದು ನರ್ಸಮ್ಮ ಕೇಳಿದ್ದಕ್ಕೆ ಈ ಹುಡುಗಿ, "ಏನಿಲ್ಲ ಸಿಸ್ಟರ್, ಉಪ್ಪು ಕಡಿಮೆ ಮಾಡು ಅಂದಿದ್ರಲ್ಲ, ಸೋಡಿಯಂ ಕಡಿಮೆ ಇರೋದೇ ತಂದಿದ್ದೆ" ಎಂದಿದ್ದಳು. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿರುತ್ತಾರೆ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಆ ಒಂದು ಮಾತು ತೋಚಿರಲಿಲ್ಲ. ಅಂದು ಅವಳು ಬಾಯಿ ಬಿಡಲಿಲ್ಲ. ಅದು ಕನಿಕರವೋ ಹೆದರಿಕೆಯೋ ಅವಳಿಗೇ ತಿಳಿಯದು. ಈ ದಿನದ ಪಾಠದಲ್ಲಿ ಹೇಳಿಯೇ ತೀರಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

"ತಿಂದದ್ದರಲ್ಲಿ ಇರೋ ಪೊಟ್ಯಾಸಿಯಂ ಮೊದಲು ಜೀವಕೋಶಗಳ ಒಳಗೆ ಸೇರ್ಕೊಳ್ಳುತ್ತೆ. ಹೆಚ್ಚಾದದ್ದನ್ನ ಕಿಡ್ನಿ ಹೊರಗೆ ಹಾಕುತ್ತೆ. ಕಿಡ್ನಿ ಕೆಟ್ರೆ ರಕ್ತದಲ್ಲೇ ಏರ್ತಾ ಹೋಗುತ್ತೆ. ಎಷ್ಟೋ ಸಲ ನೋವಿಲ್ಲ, ಜ್ವರ ಇಲ್ಲ, ಎದೆ ನಿಂತೇ ಬಿಡುತ್ತೆ."

"ಹೇಳದೆ ಕೇಳದೆ ಬಂದಿಳಿಯೋ ನಮ್ಮ ಬೀಗರ ಹಾಗೆ," ಎಂದರು ಮುಂದಿನ ಸಾಲಿನ ಅಜ್ಜಿ. ನಾಲ್ಕು ಜನ ನಕ್ಕರು.

"ತರಕಾರಿ ಹೆಚ್ಚಿ ಬೇಯಿಸಿ, ಆ ನೀರು ಚೆಲ್ಲಿಬಿಡಿ." ನರ್ಸಮ್ಮ ಕೊನೆಯ ಕುರ್ಚಿಯತ್ತ ನೋಡಿ ಕಣ್ಣು ತಪ್ಪಿಸಿದಳು. "ಇಷ್ಟೇ ಇವತ್ತಿಗೆ."

"ತಾಳಮ್ಮ, ನಮ್ಮ ಯಜಮಾನ್ರಿಗೆ ಸಪ್ಪೆ ಊಟ ಗಂಟಲಲ್ಲಿ ಇಳಿಯಲ್ಲ. ಉಪ್ಪಿಗೇನು ದಾರಿ?" ಎಂದರು ಅದೇ ಅಜ್ಜಿ.

ನರ್ಸಮ್ಮ ಉತ್ತರಿಸುವ ಮೊದಲೇ ಟೈಲರ್‌ನ ಮಗಳು ಎದ್ದು ನಿಂತಳು. "ಸೋಡಿಯಂ ಕಡಿಮೆ ಇರೋ ಉಪ್ಪು ಬರುತ್ತೆ ಅಜ್ಜಿ. ಅದು ತಂದ್ಮೇಲೆ ನಮ್ಮಪ್ಪ ತಟ್ಟೆ ಖಾಲಿ ಮಾಡ್ತಿದ್ರು."

"ಬದುಕಿದೆ! ಹೆಸರು ಹೇಳು ತಾಯಿ, ಬರ್ಕೋತೀನಿ."

ನರ್ಸಮ್ಮ ದಾಪುಗಾಲಿಟ್ಟು ಹೋಗಿ ಅಜ್ಜಿಯ ಕೈಯಿಂದ ಪೆನ್ನು ಕಸಿದುಕೊಂಡಳು. "ಬೇಡ. ಅದರಲ್ಲಿ ಇರೋದೇ ಪೊಟ್ಯಾಸಿಯಂ." ಆಮೇಲೆ ಹುಡುಗಿಯ ಕಡೆ ತಿರುಗಿದಳು. "ತಪ್ಪು ನಂದು ಮಗಳೇ. ನಾನು ಹೇಳಿರಲಿಲ್ಲ."

ಹುಡುಗಿ ನಿಂತೇ ಇದ್ದಳು. ಯಾರಿಗೋ ಎಂಬಂತೆ ಹೇಳಿದಳು:

"ಕೊನೇ ಊಟಕ್ಕೆ ಉಪ್ಪು ಸಾಲದು ಅಂದ್ರು. ನಾನೇ ಇನ್ನೊಂದು ಚಿಟಿಕೆ ಹಾಕಿ, ಕಲಸಿ ಕೊಟ್ಟೆ."