ದಾಟಿದ ಹನಿ

"ದಾಟಿ ಹೋಯ್ತು," ಎಂದರು ಮೇಷ್ಟ್ರು, ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದಾಗಲೇ. "ಕಣ್ಣು ಎಲ್ಲಿಟ್ಟಿದ್ರಿ, ಮಾತ್ರೆ ಸಾಹೇಬ್ರೇ? ಅಂಗಡೀಲೇ ಬಿಟ್ಟು ಬಂದ್ರಾ?"

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಔಷಧಿ ಅಂಗಡಿಯವನು ಫ್ಲಾಸ್ಕಿನಲ್ಲಿದ್ದದ್ದನ್ನು ತೊಟ್ಟಿಗೆ ಸುರಿದ. ಎರಡನೆಯ ಪ್ರಯೋಗ ಪರೀಕ್ಷೆಯಲ್ಲೂ ಸೊನ್ನೆ. ಉಳಿದದ್ದು ಒಂದೇ.

ಅದು ಬೇಸಿಗೆ ರಜೆಯ ಎಂಟು ವಾರದ ಕೋರ್ಸು. ಕಾಲೇಜಿನ ರಸಾಯನಶಾಸ್ತ್ರದ ಮೊದಲ ಪಾಠ. ಪಾಸಾದರೆ ಫಾರ್ಮಸಿ ಡಿಪ್ಲೊಮಾಕ್ಕೆ ಸೀಟು. ಸೀಟಿನ ಕಾಗದ ತೋರಿಸಿದರೆ ಅಂಗಡಿಯ ಕೌಂಟರು ಅವನದೇ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಮಾಲೀಕರ ಭಾಮೈದ ಕಾದು ಕುಳಿತಿದ್ದ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮೀಸೆ ಮೂಡದ ಮಕ್ಕಳ ನಡುವೆ, ತೋಳು ಗಿಡ್ಡವಾದ ಬಿಳಿ ಕೋಟು ಹಾಕಿಕೊಂಡು ನಿಂತದ್ದು ಅದಕ್ಕೇ.

ಬರವಣಿಗೆಯ ಪರೀಕ್ಷೆಗಳಲ್ಲಿ ಅವನೇ ಮೊದಲು. ಅಂಗಡಿಯಲ್ಲೂ ಹನ್ನೆರಡು ವರ್ಷದಲ್ಲಿ ಒಂದು ಮಾತ್ರೆ ತಪ್ಪು ಕೊಟ್ಟವನಲ್ಲ. ಉಳಿದವರು ಡಬ್ಬಿಯ ಬಣ್ಣ ನೋಡಿ ಸರಕ್ಕನೆ ಎಳೆಯುತ್ತಿದ್ದರು. ಇವನು ಹೆಸರು ಓದದೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅಂಥವನಿಗೆ, ಕಣ್ಣು ಎಲ್ಲಿಟ್ಟಿದ್ರಿ ಎಂಬ ಪ್ರಶ್ನೆ!

ಪ್ರಯೋಗವೇನೂ ಬ್ರಹ್ಮವಿದ್ಯೆಯಲ್ಲ. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಎರಡು ಹನಿ ಸೂಚಕ. ಮೇಲಿನ ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಕ್ಷಾರ ಹನಿಹನಿಯಾಗಿ ಬೀಳುತ್ತದೆ. ದ್ರಾವಣ ತಿಳಿಗುಲಾಬಿಗೆ ತಿರುಗಿದ ಹನಿಗೇ ನಿಲ್ಲಿಸಿ "ಬಂತು" ಎಂದು ಕೂಗಬೇಕು. ಮೇಷ್ಟ್ರು ನೋಡಿ ಒಪ್ಪಿದರೆ ಅಳತೆ ಬರೆದುಕೊಳ್ಳಬೇಕು. ಇವನ ಅಳತೆ ಪ್ರತಿ ಸಲವೂ ಅರ್ಧ ಮಿಲಿಲೀಟರು ಹೆಚ್ಚು.

ಅದೇ ಮಧ್ಯಾಹ್ನ ಪಕ್ಕದ ಬೆಂಚಿನ ಕನ್ನಡಕದ ಹುಡುಗಿ "ಬಂತು" ಎಂದಳು. ಮೇಷ್ಟ್ರು ಕತ್ತು ಚಾಚಿ, "ಭೇಷ್, ಬರ್ಕೋ," ಎಂದರು. ಇವನೂ ತಿರುಗಿ ನೋಡಿದ. ಅವಳ ಫ್ಲಾಸ್ಕಿನಲ್ಲಿ ಇವನು ಕಂಡದ್ದು ಬರೀ ತಿಳಿನೀರು.

ಮುಂದಿನ ವಾರವಿಡೀ ಅವನು ಪ್ರಯೋಗಕ್ಕಿಂತ ಹೆಚ್ಚಾಗಿ ಮೇಷ್ಟ್ರನ್ನೇ ಗಮನಿಸಿದ. ಢಾಳಾಗಿ ಬಣ್ಣ ಬಂದ ಫ್ಲಾಸ್ಕಿಗೆ ಬೈಗುಳ, ನೀರಿನಂಥದ್ದಕ್ಕೆ ಭೇಷ್. ಮೊದಲು ಹಗೆತನ ಎಂದುಕೊಂಡ. ಆಮೇಲೆ ಹೊಳೆಯಿತು. ಕೂಗಿಸುವುದೇಕೆ? ಕಾಣದವರಿಗೆ ತಾನೆ ಕೇಳಿಸಬೇಕು! ಮನೆಗೆ ಹೋಗಿ, ಮೇಷ್ಟ್ರು ತಿದ್ದಿಕೊಟ್ಟಿದ್ದ ಪುಸ್ತಕ ತೆರೆದ. ತನ್ನ ಕಪ್ಪು ಅಕ್ಷರ ಯಾವುದು, ಮೇಷ್ಟ್ರ ಗೀಟು ಯಾವುದು ಎಂದು ಬಿಡಿಸಿ ನೋಡುವುದೇ ಕಷ್ಟವಾಯಿತು. ಒಂದು ಕೆಂಪು ಪೆನ್ನು ಇಟ್ಟುಕೊಳ್ಳಲೂ ಬರದ ಮನುಷ್ಯ.

"ನಮ್ಮ ಮೇಷ್ಟ್ರಿಗೆ ಬಣ್ಣ ಕಾಣಲ್ಲ ಕಣೇ," ಎಂದ ಹೆಂಡತಿಗೆ.

"ಅಯ್ಯೋ, ಹಾಗಂತ ಎಲ್ಲರ ಮುಂದೆ ಬಾಯಿಬಿಟ್ಟೀರಾ!"

"ಬಾಯಿ ಯಾಕೆ ಬಿಡ್ಲಿ? ಬರೆದೇ ಕೊಡ್ತೀನಿ."

ಬರೆದೇ ಕೊಟ್ಟ. ಪತ್ರದಲ್ಲಿ ಸುತ್ತುಬಳಸು ಇರಲಿಲ್ಲ. ಬಣ್ಣ ಗುರುತಿಸಲಾರದವರು ಪ್ರಯೋಗಾಲಯದಲ್ಲಿ ನಿಲ್ಲಲು ಯೋಗ್ಯರಲ್ಲ, ಅವರಿಂದಾಗಿ ಇನ್ನೊಬ್ಬರ ಬದುಕು ಹಾಳಾಗಬಾರದು ಎಂದಿತ್ತು. ವಿಭಾಗದ ಮುಖ್ಯಸ್ಥೆ ಎರಡು ಸಲ ಓದಿದರು.

ಮೂರನೆಯ ಪರೀಕ್ಷೆಯ ದಿನ ಅವರೇ ಪ್ರಯೋಗಾಲಯಕ್ಕೆ ಬಂದು ಕಿಟಕಿಯ ಪಕ್ಕ ನಿಂತರು. ಪತ್ರ ಕೈಯಲ್ಲೇ ಇತ್ತು.

"ನೋಡಿ," ಎಂದರು ಇವನಿಗೆ, ಎಲ್ಲರಿಗೂ ಕೇಳುವಂತೆ. "ನೀವು ಹೇಳಿದ್ದು ನಿಜವಾದ್ರೆ ನಿಮ್ಮ ಎರಡು ಸೊನ್ನೆ ನಾನೇ ಹೊಡೆದು ಹಾಕ್ತೀನಿ. ಸುಳ್ಳಾದ್ರೆ ಈ ಕೋರ್ಸಲ್ಲಿ ಇವತ್ತೇ ನಿಮ್ಮ ಕೊನೇ ದಿನ. ಒಪ್ಪಿಗೇನಾ?"

"ಒಪ್ಪಿಗೆ ಮೇಡಂ."

"ದೂರು ಬೇರೆ ಕೊಟ್ಟಿದ್ದಾರೆ!" ಮೇಷ್ಟ್ರು ಕೈಕಟ್ಟಿ ನಿಂತರು. "ಮಾಡೋ ಕೆಲಸ ಒಂದು ಬಿಟ್ಟು ಬೇರೆಲ್ಲ ಬರುತ್ತೆ ನಿಮಗೆ."

"ಬಂತು," ಎಂದಳು ಕನ್ನಡಕದ ಹುಡುಗಿ ಆ ಹೊತ್ತಿಗೆ, ಅಂಜುತ್ತಾ. ಮೇಷ್ಟ್ರು ಅತ್ತ ನೋಡಿದರು. "ಭೇಷ್. ಬರ್ಕೋ."

ಅವನು ಕಾದಿದ್ದು ಇದಕ್ಕೇ. ಒಂದೇ ಹೆಜ್ಜೆಗೆ ಹೋಗಿ ಅವಳ ಫ್ಲಾಸ್ಕನ್ನು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ಒಂದು ಕಲೆಯಿಲ್ಲ, ಛಾಯೆಯಿಲ್ಲ. ಕುಡಿಯುವ ನೀರಿನಷ್ಟು ಸ್ವಚ್ಛ.

"ಇದಕ್ಕೆ ಭೇಷ್ ಅಂದ್ರಲ್ಲ ಸಾರ್, ಇದರ ಬಣ್ಣ ಯಾವುದು? ಎಲ್ಲರ ಮುಂದೆ ಹೇಳಿಬಿಡಿ."

"ಗುಲಾಬಿ," ಎಂದರು ಮೇಷ್ಟ್ರು.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಆರು ವಾರದ ಅವಮಾನವೆಲ್ಲ ಆ ನಗುವಿನಲ್ಲಿತ್ತು. "ಕೇಳಿದ್ರಾ ಮೇಡಂ? ಗುಲಾಬಿಯಂತೆ! ನೀರನ್ನ ಹಿಡ್ಕೊಂಡು ಗುಲಾಬಿ ಅಂತಾರೆ! ಇಂಥವರು ನನಗೆ ಸೊನ್ನೆ ಹಾಕಿದ್ದು!"

ಯಾರೂ ನಗಲಿಲ್ಲ. ಮೇಷ್ಟ್ರು ಕಟ್ಟಿದ ಕೈ ಬಿಟ್ಟರು. ಮುಖದ ಮೇಲಿನ ವ್ಯಂಗ್ಯ ಇಳಿದುಹೋಯಿತು. ಅವರು ನೋಡುತ್ತಿದ್ದದ್ದು ಫ್ಲಾಸ್ಕನ್ನಲ್ಲ, ಅವನನ್ನು. ಮುಖ್ಯಸ್ಥೆ ಪತ್ರವನ್ನು ನಿಧಾನವಾಗಿ ಮಡಿಸಿದರು. ಸಿಕ್ಕಿಬಿದ್ದವರ ಮೌನ ಇದು ಎಂದುಕೊಂಡ ಅವನು. ಗೆದ್ದವನ ಗತ್ತಿನಲ್ಲಿ ಬೆಂಚುಗಳ ಕಡೆ ತಿರುಗಿ, ಫ್ಲಾಸ್ಕನ್ನು ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ ಹಿಡಿದ.

"ಹೆದರಬೇಡಿ, ನೀವೇ ಹೇಳಿ. ಏನಿದೆ ಇದರಲ್ಲಿ?"

"ಅಣ್ಣಾ," ಎಂದಳು ಕನ್ನಡಕದ ಹುಡುಗಿ, ಅಳು ಬಂದವಳಂತೆ, "ಅದು ಗುಲಾಬೀನೇ... ನಿಮಗೆ ಕಾಣ್ತಿಲ್ವಾ?"