ನಂಬರ್ ಪ್ಲೇಟಿನ ಕುಂಕುಮ

“ವರ್ಷಿಪ್ ಆಫ್ ವೆಪನ್ಸ್” ಎಂದು ಮಗಳು ಜೋರಾಗಿ ಓದಿದ ಕೂಡಲೇ, ಹುಳಿ ಕೈಯಾಡಿಸುತ್ತಿದ್ದ ಸ್ವರೂಪಳ ಸೌಟು ನಿಂತುಹೋಯಿತು.

“ಏನಂದೆ, ತಾನ್ಯಾ?”

“ಆಯುಧ ಪೂಜೆ, ಅಮ್ಮಾ. ಆಯುಧ ಮೀನ್ಸ್ ವೆಪನ್. ಐ ಚೆಕ್ಡ್.”

“ಡಾಕ್ಟರ್ ಆಗೋಳು ವೆಪನ್ ಪೂಜೆ ಮಾಡ್ತೀನಿ ಅಂತ ಬರೆದ್ರೆ ಸೀಟ್ ಕೊಡಲ್ಲ, ಮತ್ತೆ ಪೊಲೀಸರನ್ನೇ ಕಳಿಸ್ತಾರೆ.”

ಷಿಕಾಗೋದ ಒಂದು ಮೆಡಿಕಲ್ ಕಾಲೇಜು ಅರ್ಜಿಯಲ್ಲಿ ಕೇಳಿದ್ದ ಪ್ರಶ್ನೆಗೆ ತಾನ್ಯಾ ಉತ್ತರ ಬರೆಯುತ್ತಿದ್ದಳು. ಯಾವತ್ತಾದರೂ ಟ್ರಾಫಿಕ್ ನಿಯಮ ಮುರಿದಿದ್ದರೆ, ಎಷ್ಟೇ ಚಿಕ್ಕದಾಗಿರಲಿ, ವಿವರಿಸಬೇಕು. ಮುಚ್ಚಿಟ್ಟದ್ದು ಆಮೇಲೆ ಬಯಲಾದರೆ ಸಿಕ್ಕ ಸೀಟೂ ಹೋಗುತ್ತದೆ. ಅವಳ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಟಿಕೆಟ್, ನಂಬರ್ ಪ್ಲೇಟ್ ಕಾಣದಂತೆ ಕಾರು ಓಡಿಸಿದ್ದಕ್ಕೆ ಪೊಲೀಸರು ಕೊಟ್ಟ ದಂಡದ ಚೀಟಿ. ಹೋದ ವರ್ಷ ಆಯುಧ ಪೂಜೆಯ ದಿನ ಅವಳಪ್ಪ ಕೇಶವ್, ಬಾನೆಟ್ಟಿಗೆ ಹಚ್ಚಿದರೆ ಪೇಂಟ್ ಕೆಡುತ್ತದೆಂದು, ಅರಿಸಿನ ಕುಂಕುಮವನ್ನೆಲ್ಲ ಹಿಂದಿನ ನಂಬರ್ ಪ್ಲೇಟಿಗೆ ಧಾರಾಳವಾಗಿ ಬಳಿದಿದ್ದ. ಮಗಳು ಕ್ಲಿನಿಕ್ಕಿನ ಕೆಲಸಕ್ಕೆಂದು ಲಿವೋನಿಯಾದ ಕಡೆ ಹೊರಟಾಗ ತುಂತುರು ಹನಿಯಿತು, ಕುಂಕುಮ ಕರಗಿ ನಂಬರಿನ ಮೇಲೆಲ್ಲ ಇಳಿಯಿತು. ಕಾರು ನಿಲ್ಲಿಸಿದ ಪೊಲೀಸಿನವನು ಮೊದಲು ಕೇಳಿದ್ದೇ, ಇದು ಯಾರ ರಕ್ತ ಎಂದು.

ಊಟದ ಮೇಜಿನ ಆಚೆ ತುದಿಯಲ್ಲಿ ಕಾಫಿ ಹಿಡಿದು ಕೂತಿದ್ದ ಕೇಶವ್ ಗಂಟಲು ಸರಿಮಾಡಿಕೊಂಡ. “ಪೂಜೆ ಗೀಜೆ ಏನೂ ಬೇಡ. ಪ್ಲೇಟ್ ಮೇಲೆ ಧೂಳಿತ್ತು ಅಂತ ಬರಿ. ಎಲ್ಲರಿಗೂ ಅರ್ಥ ಆಗುತ್ತೆ.”

“ದಟ್ಸ್ ಎ ಲೈ, ಅಪ್ಪಾ.”

“ಸುಳ್ಳು ಹೇಗಾಗುತ್ತೆ? ಕುಂಕುಮ ಅಂದ್ರೆ ಕೆಂಪು ಪುಡಿ. ಪುಡಿ ಅಂದ್ರೆ ಧೂಳೇ.”

“ಹಾಗಾದ್ರೆ ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು ಹಣೆಗೆ ಧೂಳು ಇಟ್ಕೋತೀರಾ?” ಎಂದಳು ಸ್ವರೂಪ.

“ನಿಂಗೆ ಗೊತ್ತಾಗಲ್ಲ ಕಣೇ. ಕಮಿಟೀಲಿ ಕೂತೋರು ಇದನ್ನ ಓದಿ ಏನಂದ್ಕೋತಾರೆ? ಇಷ್ಟು ಓದಿರೋ ಹುಡುಗೀನ ಮೂಢನಂಬಿಕೆಯವಳು ಅಂದ್ಕೋಬಾರ್ದು. ನನಗೆ ಅಷ್ಟೇ.”

“ಸೋ ವಾಟ್ ಡು ಐ ರೈಟ್? ಸಂಜೆಯೊಳಗೆ ಸಬ್‌ಮಿಟ್ ಮಾಡ್ಬೇಕು.”

ಸ್ವರೂಪ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಮಗಳ ಪಕ್ಕದಲ್ಲಿ ಕೂತಳು. “ಅವತ್ತು ಏನೇನಕ್ಕೆ ಕುಂಕುಮ ಇಟ್ವಿ, ಹೇಳು.”

“ಕಾರ್. ಲ್ಯಾಪ್‌ಟಾಪ್ಸ್. ಯುವರ್ ಮಿಕ್ಸಿ. ಆ್ಯಂಡ್ ದ ಸ್ನೋ ಬ್ಲೋವರ್.”

“ಇದರಲ್ಲಿ ಯಾವುದಾದ್ರೂ ಯಾರನ್ನಾದ್ರೂ ಕೊಲ್ಲುತ್ತಾ?”

“ದ ಮಿಕ್ಸಿ, ಮೇಬಿ.”

“ತಲೆಹರಟೆ. ನಮಗೆ ಅನ್ನ ಕೊಡೋ ಸಾಮಾನು ಅಂತ ಬರಿ. ವರ್ಷಕ್ಕೊಂದು ದಿನ ಅವಕ್ಕೆ ಕೈ ಮುಗೀತೀವಿ ಅಂತ ಬರಿ. ಕಮಿಟೀಲಿರೋ ಡಾಕ್ಟರುಗಳೂ ದಿನಾ ಸಾಮಾನು ಹಿಡಿದು ಕೆಲಸ ಮಾಡೋರೇ, ಅರ್ಥ ಮಾಡ್ಕೋತಾರೆ.”

ತಾನ್ಯಾಳ ಬೆರಳುಗಳು ಓಡತೊಡಗಿದವು. ಸ್ವಲ್ಪ ಹೊತ್ತು ನೋಡಿದ ಕೇಶವ್ ಮೆಲ್ಲಗೆ, “ಬಳಿದವನು ಅಪ್ಪ, ತಪ್ಪು ಅವನದು ಅಂತಾದ್ರೂ ಸೇರಿಸು” ಎಂದ.

“ನೋ. ಐ ವಾಸ್ ಡ್ರೈವಿಂಗ್.”

ಸ್ವರೂಪಳಿಗೆ ಇಬ್ಬರ ಮೇಲೂ ಅಕ್ಕರೆ ಉಕ್ಕಿತು. ಆದರೂ ಗಂಡನನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. “ಆಫೀಸಿಗೆ ಹೋಗ್ತಾ ನಿಮ್ಮ ಹಣೇದನ್ನ ವಿಕ್ಸಮ್ ಎಕ್ಸಿಟ್ ಬರೋದರೊಳಗೆ ಟಿಶ್ಯೂ ತಗೊಂಡು ಒರೆಸ್ಕೋತೀರಲ್ಲ, ಹಾಗೇ ಕಾರಿಂದೂ ಒರೆಸಿ ಕಳಿಸಿದ್ರೆ ಇಷ್ಟು ರಾಮಾಯಣ ಇರ್ತಿರ್ಲಿಲ್ಲ.”

ಟೈಪಿಂಗ್ ನಿಂತಿತು. “ಅಪ್ಪಾ, ಯು ವೈಪ್ ಇಟ್ ಆಫ್?”

“ಬೆಳಿಗ್ಗೆ ಬೆಳಿಗ್ಗೆ ಮೀಟಿಂಗ್ ಇರುತ್ತೆ, ಪುಟ್ಟಾ” ಎಂದ ಕೇಶವ್, ಕಾಫಿ ಮುಗಿದಿದ್ದ ಲೋಟವನ್ನು ಬಾಗಿಸಿ ನೋಡುತ್ತ.

ಮಗಳು ಪರದೆಯ ಕಡೆ ತಿರುಗಿ ಉಳಿದದ್ದನ್ನು ಬರೆದು ಮುಗಿಸಿದಳು. ಕೊನೆಯ ಸಾಲನ್ನು ಅಮ್ಮನಿಗಾಗಿ ಕನ್ನಡದಲ್ಲಿ, ತಡೆತಡೆದು ಹೇಳಿದಳು: “ಕಾರ್ ತೆಗೆಯೋ ಮುಂಚೆ ನಾನು ನೋಡಿ, ಅದನ್ನ ಒರೆಸಬೇಕಿತ್ತು. ತಪ್ಪು ನನ್ನದು.”

ಸ್ವರೂಪ ತಲೆಯಾಡಿಸಿದಳು. ಕೇಶವ್ ಲೋಟ ಕೆಳಗಿಟ್ಟ.

“ಒರೆಸಬೇಕಿತ್ತು ಅಂತ ಬೇಡ, ಪುಟ್ಟಾ. ಬೇರೆ ಕಡೆ ಹಚ್ಚಬೇಕಿತ್ತು ಅಂತ ಬರಿ.”